ಮೇಸ್ತ್ರಿ ಹೊಲಿದ ಎಂಜಿನ್ ಬ್ಲಾಕ್

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆಯಲ್ಲಿ, ಮಾಕುಟ್ಟದ ಏರುದಾರಿಯಲ್ಲಿ, ಹುದಿಕೇರಿ ಡಾಕ್ಟ್ರಮ್ಮನ ಕಾರಿನ ಎಂಜಿನ್ ಬ್ಲಾಕ್ ಸೀಳಿತು. ಸೀಳಿಸಿದವನು ನಾನು.

ಕಳೆದ ತಿಂಗಳು ಪಾಲಿಬೆಟ್ಟದ ಒಂದು ತೋಟದ ಪಲ್ಪರ್ ಮನೆಗೆ ಹೋಗಿದ್ದೆ. ಕಾಫಿ ಸಿಪ್ಪೆಯ ಹುಳಿ ವಾಸನೆಯ ನಡುವೆ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮೇಸ್ತ್ರಿ ನೆನಪಾದರು...

ಆಗ ನಾನು ಪತ್ರಿಕೆಯೊಂದಕ್ಕೆ ದಕ್ಷಿಣ ಕೊಡಗಿನ ಸುದ್ದಿ ಕಳಿಸುತ್ತಿದ್ದೆ. ಡಾಕ್ಟ್ರಮ್ಮ ಪಕ್ಕದ ಮನೆಯವರು. ತಲಚೇರಿಗೆ ರೈಲಿನಲ್ಲಿ ಬಂದಿದ್ದ ಔಷಧಿ ತರಲು ನನ್ನನ್ನು ನಂಬಿ ಕಾರು ಕೊಟ್ಟಿದ್ದರು. ಹಿಂದಿರುಗುವಾಗ ಏರಿನಲ್ಲಿ ಎಂಜಿನ್ ಕುದಿಯಿತು. ಬೇಗ ಊರು ಸೇರುವ ಆತುರದಲ್ಲಿ ಹೊಳೆಯ ನೀರನ್ನು ಹಾಗೆಯೇ ರೇಡಿಯೇಟರಿಗೆ ಸುರಿದೆ. ಟಣ್ ಎಂದು ಒಂದೇ ಸದ್ದು.

ಮರ ಸಾಗಿಸುವ ಲಾರಿಯೊಂದು ಕಾರನ್ನು ವಿರಾಜಪೇಟೆಯ ವರ್ಕ್‌ಶಾಪಿಗೆ ಎಳೆದು ತಂದಿತು. ಅಲ್ಲಿನ ಮೇಸ್ತ್ರಿ ಕಣ್ಣೂರು ಕಡೆಯವರು; ಕನ್ನಡವನ್ನು ಮಲಯಾಳದ ರಾಗದಲ್ಲಿ ಆಡುತ್ತಿದ್ದರು. ಗೇಣುದ್ದದ ಸೀಳಿನ ಮೇಲೆ ಉಗುರು ಎಳೆದು ನೋಡಿದರು.

“ಪಡಚ್ಚೋನೆ, ದೇವರೇ! ನೀರು ಹೊಯ್ದದ್ದು ಯಾರು?”

“ನಾನೇ.”

“ಕಾದ ಮಣ್ಣಿನ ಚಟ್ಟಿಗೆ ತಣ್ಣೀರು ಹೊಯ್ಯಬಾರ್ದು ಅಂತ ನಿಮ್ಮ ಮನೇಲಿ ಯಾರೂ ಹೇಳ್ಲಿಲ್ವಾ ಸಾರೇ? ಪೇಪರಿಗೆ ಬರೀತೀರಲ್ಲ, ಇದನ್ನೂ ಬರೀರಿ.”

ಮಳೆಗೆ ಐದಾರು ವಾರವಷ್ಟೇ ಉಳಿದಿತ್ತು. ಮಳೆ ಹಿಡಿದ ಮೇಲೆ ತೋಟದ ಕೂಲಿಯವರ ಲೈನ್‌ಮನೆಗಳಿಗೆ ಹೆರಿಗೆ ಮಾಡಿಸಲು ಡಾಕ್ಟ್ರಮ್ಮ ಹೋಗಬೇಕಾದರೆ ಇದ್ದದ್ದು ಆ ಕಾರೊಂದೇ. ಹಳೆಯ ಮಾದರಿ. ಮದ್ರಾಸಿಗೆ ಬರೆದ ಕಾಗದಕ್ಕೆ, ಬ್ಲಾಕ್ ಸಿಗುವುದಿಲ್ಲವೆಂದು ಉತ್ತರ ಬಂತು.

ಮೇಸ್ತ್ರಿಗೆ ಒಂದು ಎಂಜಿನ್ ಗೊತ್ತಿತ್ತು. ಪಾಲಿಬೆಟ್ಟದ ಆ ತೋಟದಲ್ಲಿ, ಗುಜರಿಗೆ ಬಿದ್ದ ಅದೇ ಮಾದರಿಯ ಕಾರಿನ ಎಂಜಿನ್ನಿಗೆ ಬೆಲ್ಟ್ ಹಾಕಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನು ಓಡಿಸುತ್ತಿದ್ದರು. ಕೊಯ್ಲು ಮುಗಿದು ಅದು ಸುಮ್ಮನೆ ಕೂತಿತ್ತು. ಆದರೆ ಅದನ್ನು ಡಾಕ್ಟ್ರಮ್ಮನ ಕಾರಿಗೆ ಬಿಟ್ಟುಕೊಡಲು ತೋಟದ ಯಜಮಾನರು ಒಪ್ಪಲಿಲ್ಲ.

“ಹಣ್ಣು ಒಂದು ದಿನ ಕೂತರೆ ಹುಳಿ ಬರ್ತದೆ. ಮುಂದಿನ ಕೊಯ್ಲಿಗೆ ನನ್ನ ಪಲ್ಪರ್ ತಿರುಗದಿದ್ರೆ?”

“ಡಾಕ್ಟ್ರಮ್ಮನ ಒಡೆದ ಬ್ಲಾಕನ್ನೇ ಹೊಲಿದು ಕೊಡ್ತೇನೆ ಮೊದಲಾಳಿ.”

“ಕಬ್ಬಿಣ ಹೊಲೀತೀಯಾ? ನೀನೇನು ದರ್ಜಿಯಾ?”

“ತಿರುಗದಿದ್ರೆ ಕೊಯ್ಲು ಮುಗಿಯೋವರೆಗೆ ನಾನೇ ನಿಂತು ಕೈಯಲ್ಲಿ ತಿರುಗಿಸ್ತೇನೆ.”

ಯಜಮಾನರು ನಕ್ಕರು. ನಕ್ಕ ಮೇಲೆ ಇಲ್ಲವೆನ್ನಲು ಅವರಿಂದಾಗಲಿಲ್ಲ.

ಪ್ರತಿ ಸಂಜೆ ಸುದ್ದಿಯ ಲಕೋಟೆಯನ್ನು ಬಸ್ಸಿಗೆ ಕೊಟ್ಟು ನಾನು ವರ್ಕ್‌ಶಾಪಿಗೆ ಹೋಗಿ, ತೋಟದಿಂದ ತಂದ ಎಂಜಿನ್ನಿನ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಮೇಸ್ತ್ರಿ ಎಂಜಿನ್ನಿನ ದಂಡಕ್ಕೆ ದೀಪದ ಮಸಿ ಹಚ್ಚಿ ಬೇರಿಂಗಿನಲ್ಲಿ ತಿರುಗಿಸುವರು, ಬಿಚ್ಚಿ, ಮಸಿ ಅಂಟಿದ ಉಬ್ಬನ್ನಷ್ಟೇ ಕೆರೆಯುವರು, ಮತ್ತೆ ಹಚ್ಚುವರು. ಸಾಕಲ್ಲವೇ ಎಂದು ಕೇಳುವುದನ್ನು ಮೂರನೇ ದಿನ ನಿಲ್ಲಿಸಿದೆ.

ಮಳೆಗೆ ಎರಡು ದಿನ ಮುಂಚೆ, ತೋಟದ ಎಂಜಿನ್ ಕೂರಿಸಿಕೊಂಡು ಕಾರು ಚಾಲೂ ಆಯಿತು. ಮೇಸ್ತ್ರಿ ಪಕ್ಕದಲ್ಲಿ ಕೂತು, ನನ್ನ ಕೈಯಲ್ಲೇ ಅದನ್ನು ಮಾಕುಟ್ಟಕ್ಕೆ ಇಳಿಸಿ ಮತ್ತೆ ಏರಿಸಿದರು. ಬ್ಲಾಕ್ ಸೀಳಿದ್ದ ಅದೇ ತಿರುವಿನಲ್ಲಿ ಆವಿ ಕಾಣಿಸಿತು. ನಿಲ್ಲಿಸಿ, ನೀರಿನ ಡಬ್ಬಿಗೆ ಕೈ ಹಾಕಿದೆ. ಅವರು ನನ್ನ ಮುಂಗೈ ಹಿಡಿದರು.

“ಕೂತ್ಕೊಳ್ಳಿ.”

ಎರಡು ಬೀಡಿ ಸೇದಿದರು. ರೇಡಿಯೇಟರಿನ ಮುಚ್ಚಳದ ಮೇಲೆ ಅಂಗೈ ಇಡುವಷ್ಟು ಆರಿದ ಮೇಲೆ ಎಂಜಿನ್ ಚಾಲೂ ಮಾಡಿಸಿ, ಲೋಟದಲ್ಲಿ ಸ್ವಲ್ಪಸ್ವಲ್ಪವಾಗಿ ನೀರು ಹೊಯ್ದರು. ಕಾರು ಏರು ದಾಟಿತು.

ಆ ಮಳೆಗಾಲ ಡಾಕ್ಟ್ರಮ್ಮ ಒಂದು ಹೆರಿಗೆಗೂ ತಡವಾಗಿ ತಲುಪಲಿಲ್ಲ. ಅದೇ ಮಳೆಗಾಲದಲ್ಲಿ ಮೇಸ್ತ್ರಿ ಒಡೆದ ಬ್ಲಾಕಿನ ಸೀಳಿನುದ್ದಕ್ಕೂ ತೂತು ಕೊರೆದು, ಒಂದರ ಅಂಚಿಗೆ ಇನ್ನೊಂದು ತಾಗುವಂತೆ ತಾಮ್ರದ ತಿರುಪುಗಳನ್ನು ಕೂರಿಸಿದರು. ಘಾಟಿಯ ಏರನ್ನು ತಾಳದ ಹೊಲಿಗೆ ಪಲ್ಪರಿನ ಒಂದೇ ಸಮನಾದ ಓಟವನ್ನು ತಾಳುತ್ತದೆ ಎಂಬುದು ಅವರ ಅಂದಾಜು. ಕೊಯ್ಲಿನ ಮೊದಲ ದಿನ ಪಲ್ಪರ್ ತಿರುಗಿತು. ಯಜಮಾನರು ಅವರನ್ನು ಮುಂದೆಂದೂ ಮೇಸ್ತ್ರಿ ಎನ್ನಲಿಲ್ಲ. ದರ್ಜಿ ಎಂದೇ ಕರೆದರು.

ಕೆಲವು ವರ್ಷಗಳ ನಂತರ ಮೇಸ್ತ್ರಿ ತಮ್ಮ ಊರಿಗೆ ಮರಳಿದರು. ಅವರು ತೀರಿಕೊಂಡದ್ದು ನನಗೆ ಲಾರಿ ಡ್ರೈವರೊಬ್ಬನಿಂದ ತಿಳಿಯಿತು, ಮೂರು ತಿಂಗಳು ತಡವಾಗಿ. ದಿನ ಖಚಿತವಾಗದ್ದರಿಂದ ಪತ್ರಿಕೆಗೆ ಕಳಿಸಲಿಲ್ಲ. ಕಳಿಸಬೇಕಿತ್ತು...

ಪಲ್ಪರಿಗೆ ಈಗ ಕರೆಂಟಿನ ಮೋಟರ್ ಇದೆ. ಕಳೆದ ತಿಂಗಳು ನಾನು ಹೋದ ದಿನ ಕರೆಂಟ್ ಇರಲಿಲ್ಲ. ಹಳೆಯ ಎಂಜಿನ್ ಎರಡು ಗಂಟೆ ಓಡಿತು. ನಿಲ್ಲಿಸಿ, ಆರುವವರೆಗೆ ಕಾದು, ತಾಮ್ರದ ಹೊಲಿಗೆಯ ಕೆಳಗೆ ಬೆರಳಾಡಿಸಿದೆ. ಸೋರಿದ ನೀರು ಒಂದು ಹನಿಯೂ ತಾಗಲಿಲ್ಲ.