ಸರೋಜಕ್ಕನ ಮದುವೆಯ ಸ್ಪೂಲ್ ಟೇಪು

ಮೊನ್ನೆ ಸಿಂಗಾನಲ್ಲೂರಿನ ನಮ್ಮ ಮನೆಗೆ ಹೊಸ ಟಿವಿ ಬಂತು. ಅದನ್ನು ಗೋಡೆಗೆ ಏರಿಸಲು ಬಂದವನು ನನ್ನ ಹಳೆಯ ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ನೋಡಿ, "ಪೊರುತ್ತಂ ಇಲ್ಲೈ ಅಕ್ಕಾ" ಎಂದ. ಟಿವಿಯ ಡಿಜಿಟಲ್ ವೈರು ಇದರ ತೂತಿಗೆ ಹೊಂದದು ಎಂದು ಅವನ ಅರ್ಥ. ನಮ್ಮ ಕಡೆ ಪೊರುತ್ತಂ ಎಂದರೆ ಮೊದಲು ನೆನಪಾಗುವುದು ಗಂಡು ಹೆಣ್ಣಿನ ಜಾತಕ ಹೊಂದುವುದು. ಹಾಗಾಗಿ ನನ್ನ ಮನಸ್ಸು ಟಿವಿಯನ್ನು ಅಲ್ಲೇ ಬಿಟ್ಟು ಒಂದು ಮದುವೆಗೆ ಹೊರಟಿತು. ನೀವೂ ಬನ್ನಿ. ಎಂಬತ್ತರ ದಶಕದ ಆರಂಭ, ಅವಿನಾಶಿಯಲ್ಲಿ ನನ್ನ ದೊಡ್ಡಮ್ಮನ ಮಗಳು ಸರೋಜಕ್ಕನ ಮದುವೆ.

ದೊಡ್ಡಮ್ಮನದು ನೇಯ್ಗೆಯ ಮನೆ. ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮವರೆಲ್ಲ ಗಟ್ಟಿ ಗಂಟಲಿನವರು. ನಾನು ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತದೆ. ದೊಡ್ಡಮ್ಮ ಮಾತ್ರ ಹಾಡುವಾಗ ದನಿ ಇಳಿಸುತ್ತಿದ್ದಳು. ಆಗ ಎಲ್ಲರೂ ತಾವಾಗಿ ಸುಮ್ಮನಾಗುತ್ತಿದ್ದರು. ಮನೆಮಾತು ಕನ್ನಡವಾದರೂ ತಮಿಳು ಶಾಲೆಯಲ್ಲಿ ಕಲಿತು ಕನ್ನಡ ಓದಲು ಬಾರದ ನಮ್ಮ ಬೀದಿಯಲ್ಲಿ ಸೋಬಾನೆ ಪದಗಳೆಲ್ಲ ಇದ್ದದ್ದು ಅವಳ ಬಾಯಲ್ಲಿ. ದೊಡ್ಡಪ್ಪ ತೀರಿಕೊಂಡ ಮೇಲೆ ನಿಲ್ಲಿಸಿಬಿಟ್ಟಳು. ಗಂಡ ಸತ್ತವಳು ಹಸೆಯ ಮುಂದೆ ಹಾಡಬಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಮೊದಲೇ ಅವಳು ಅಡುಗೆಮನೆ ಸೇರಿದ್ದಳು.

ಅವಳ ತಮ್ಮ, ನಮ್ಮ ಲಿಂಗ ಮಾವನಿಗೆ ಸದ್ದಿನ ಹುಚ್ಚು. ಊರೆಲ್ಲ ಕ್ಯಾಸೆಟ್ಟಿಗೆ ಬದಲಾದರೂ ಅವನು ದೊಡ್ಡ ಚಕ್ರಗಳ ಸ್ಪೂಲ್ ಟೇಪ್ ರೆಕಾರ್ಡರನ್ನೇ ಒರೆಸಿ ಒರೆಸಿ ಇಟ್ಟುಕೊಂಡಿದ್ದ. ದನಿಗೆ ನಾವು ಕುರಲು ಎನ್ನುತ್ತೇವೆ. "ಕ್ಯಾಸೆಟ್ಟಲ್ಲಿ ಕುರಲು ಒಣಗೋಗ್ತದೆ, ಇದರಲ್ಲಿ ಉಸುರೂ ಕೇಳ್ತದೆ" ಎಂಬುದು ಅವನ ವಾದ. ದೊಡ್ಡಪ್ಪ ಇದ್ದ ಕಾಲದಲ್ಲಿ ತನ್ನ ಅಕ್ಕನ, ಅಂದರೆ ದೊಡ್ಡಮ್ಮನ ಹಾಡುಗಳನ್ನು ಅದರಲ್ಲಿ ತುಂಬಿಸಿದ್ದ. ಸರೋಜಕ್ಕನ ಧಾರೆಯ ಹೊತ್ತಿಗೆ ಆ ಟೇಪನ್ನೇ ಮೈಕ್‌ಸೆಟ್ಟಿನಲ್ಲಿ ಹಾಕುವುದೆಂದು ಹಿರಿಯರೂ ಒಪ್ಪಿದ್ದರು.

ಮೆಷಿನ್ನಿನ ಸ್ವಂತ ಸ್ಪೀಕರು ಎಂದೋ ಹರಿದುಹೋಗಿತ್ತು. ಮೈಕ್‌ಸೆಟ್ಟಿನವನ ಆಂಪ್ಲಿಫೈಯರ್ ಇದೆಯಲ್ಲ ಎಂದು ಮಾವ ಮೆಷಿನ್ನೊಂದನ್ನೇ ಹೊತ್ತು ತಂದಿದ್ದ. ನೋಡಿದರೆ ಇದರ ದುಂಡನೆಯ ಸಾಕೆಟ್ಟಿಗೆ ಐದು ತೂತು. ಮೈಕ್‌ಸೆಟ್ಟಿನವನ ವೈರಿಗೆ ಹೆಬ್ಬೆರಳಿನಂಥ ಒಂದೇ ಪಿನ್ನು.

"ಅಣ್ಣೇ, ಉಂಗ ಪಿನ್ ವೇರೆ, ಎಂಗ ಪಿನ್ ವೇರೆ" ಎಂದು ಅವನು ಕೈಚೆಲ್ಲಿದ.

ಮಾವ ವೈರಿನ ಸಿಪ್ಪೆ ಸುಲಿದು, ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಒತ್ತಿದ. ಲೌಡ್‌ಸ್ಪೀಕರು ಗೊರ್ ಎಂದಿತು, ಅಷ್ಟೆ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದರು. ಹಸೆಯ ಮೇಲಿದ್ದ ಸರೋಜಕ್ಕ ತಲೆಯೆತ್ತಿದಳು.

"ಮಾವಾ, ಅದನ್ನ ಬಿಡಿ. ಅವ್ವ ಒಳಗೇ ಇದ್ದಾಳಲ್ಲ, ಕರೀರಿ."

"ಅದೆಂಗಮ್ಮ ಆಗ್ತದೆ?" ಎಂದ ಮಾವ.

"ಟೇಪಲ್ಲಿ ಪಾಡಿದ್ರೆ ದೋಷ ಇಲ್ಲ, ಎದುರು ಕುಂತು ಪಾಡಿದ್ರೆ ದೋಷವಾ? ಕುರಲು ಒಂದೇ ತಾನೆ."

ಆಗ ಗಂಡಿನ ಅಜ್ಜಿ ಚಾಪೆಯ ಮೇಲೆ ಒಂದಿಷ್ಟು ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ, ಒಳಗೆ ಕೇಳುವಂತೆ ಕರೆದಳು: "ಬಾರವ್ವ, ಇಲ್ಲಿ ಕುಂತ್ಕೊ."

ದೊಡ್ಡಮ್ಮ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಮೊದಲ ಸಲ ದನಿ ಹೊರಡಲೇ ಇಲ್ಲ. ಮತ್ತೆ ಹೊರಟಿತು, ನಡುವೆ ಒಡೆಯಿತು, ಹೆಂಗಸರು ಸಾಲನ್ನು ಎತ್ತಿಕೊಂಡರು. ಮಾವ ವೈರು ಹಿಡಿದುಕೊಂಡೇ ಅತ್ತ. ಊಟದ ಪಂಕ್ತಿಯಲ್ಲಿ ನಾನು, "ಇದನ್ನ ರೆಕಾರ್ಡು ಮಾಡಬೇಕಿತ್ತು ಮಾವ" ಎಂದೆ.

"ಮೆಷಿನ್ ಇರೋದೇ ಮರ್ತೋಯ್ತಮ್ಮ" ಎಂದ.

ಆಮೇಲೆ ನಮ್ಮ ಬೀದಿಯ ಯಾವ ಮದುವೆಯಲ್ಲೂ ದೊಡ್ಡಮ್ಮ ಅಡುಗೆಮನೆಯಲ್ಲಿ ಉಳಿಯಲಿಲ್ಲ.

ಮೊನ್ನೆ ಟಿವಿಯವನು ಹೋದ ಮೇಲೆ ಆ ಹಾಡನ್ನು ಗುನುಗಲು ಹೋದರೆ ಎರಡನೆಯ ಸಾಲು ಬರಲಿಲ್ಲ. ತಿರುಪ್ಪೂರಿನಲ್ಲಿರುವ ಸರೋಜಕ್ಕನಿಗೆ ಫೋನು ಮಾಡಿದೆ. ಅವಳ ಗಂಡ, ನಮ್ಮ ಭಾವ ತೀರಿಕೊಂಡು ಎರಡು ವರ್ಷವಾಯಿತು. ಬರುವ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಅವಳ ಮೊಮ್ಮಗಳ ಮದುವೆ. ಸಾಲು ಹೇಳಿಕೊಟ್ಟಳು. ಕೇಳಲೋ ಬೇಡವೋ ಎನ್ನುತ್ತಲೇ ಕೇಳಿಬಿಟ್ಟೆ: "ಅಕ್ಕಾ, ನೀನು ಹಸೆ ಮುಂದೆ ಕುಂತು ಪಾಡ್ತೀಯಾ?"

"ಪಾಡದೆ ಇರ್ತೀನಾ? ನೀನೂ ಮುಂಚೆನೇ ಬಂದು ಪಕ್ಕ ಕುಂತ್ಕೊ. ಅಷ್ಟರಲ್ಲಿ ಸಾಲೆಲ್ಲ ಕಲಿ."

ಈಗ ಸಂಜೆ ಸಂಜೆ ಫೋನಿನಲ್ಲಿ ಪಾಠ ನಡೆದಿದೆ. ನನ್ನ ದನಿ ಏಳುತ್ತಿದ್ದಂತೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ನಿಲ್ಲಿಸುವುದಿಲ್ಲ.