ಹತ್ತೊಂಬತ್ತು ಪರದೆಗಳ ಕಾವಲು

ನೆಲದ ಮೇಲೆ ಹಳೆಯ ಟವೆಲ್ ಹಾಸಿದೆ. ಅದರ ಮೇಲೆ ಕೀಲಿಗಳು. ಅವರು ಒಂದೊಂದನ್ನೇ ಎತ್ತಿಕೊಳ್ಳುತ್ತಾರೆ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಹಲ್ಲುಗಳ ಸಂದಿ ಉಜ್ಜುತ್ತಾರೆ, ಉಫ್ ಎಂದು ಊದುತ್ತಾರೆ, ಬಲ್ಬಿಗೆ ಹಿಡಿದು ನೋಡುತ್ತಾರೆ, ಪಕ್ಕಕ್ಕಿಡುತ್ತಾರೆ. ಗೋಡೆಯ ಬದಿಗೆ ಅವರ ಅತ್ತೆ ಮಲಗಿದ್ದಾರೆ, ಮುದುಕಿಗೆ ಎಚ್ಚರವಾಗದಂತೆ ಕೆಲಸ ನಡೆಯಬೇಕು. ಹೊರಗೆ ಬೆಳಕು ಈಗಷ್ಟೇ ಹರಿಯುತ್ತಿದೆ.

ಯಾವ ಕೀಲಿಗೂ ಮನೆಯ ನಂಬರಿಲ್ಲ, ಹೆಸರಿಲ್ಲ. ಒಂದೊಂದಕ್ಕೂ ಒಂದೊಂದು ಬಟನ್ ಕಟ್ಟಿದೆ. ನೀಲಿ ಕೋಟಿನದು, ಮುತ್ತಿನಂಥ ಬಿಳಿಯದು, ಅರ್ಧ ಒಡೆದ ಮರದ್ದು. ಆಯಾ ಮನೆಯವರ ಹಳೆಯ ಬಟ್ಟೆಯಿಂದಲೇ ಕತ್ತರಿಸಿ ತಂದದ್ದು. ಚೀಲ ಎಲ್ಲಾದರೂ ಬಿದ್ದು ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಬಟನ್ ಸಿಕ್ಕೀತು, ಮನೆ ಸಿಗುವುದಿಲ್ಲ.

ಬೀದಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಕೀಲಿಯಕ್ಕ ಎಂದೇ. ಇಳಿಜಾರಿನ ಒಂದು ಉದ್ದ ಬೀದಿ, ಎರಡೂ ಬದಿಗೆ ಸೇರಿ ಹತ್ತೊಂಬತ್ತು ಮನೆ. ಅಲ್ಲಿರುವವರೆಲ್ಲ ತಮ್ಮ ದೇಶದಲ್ಲಿ ಕೆಲಸ ಮುಗಿಸಿ, ಪಿಂಚಣಿ ಹಿಡಿದು, ಬಿಸಿಲಿಗೂ ಅಗ್ಗದ ಬಾಡಿಗೆಗೂ ಆಸೆಪಟ್ಟು ಇಲ್ಲಿಗೆ ಬಂದು ನೆಲೆಸಿದವರು. ನಮ್ಮ ಮಾತನ್ನು ಅಷ್ಟಿಷ್ಟು ಕಲಿತಿದ್ದಾರೆ. ನಮ್ಮ ಪೊಲೀಸರ ಮಾತು ಮಾತ್ರ ಇನ್ನೂ ಅರ್ಥವಾಗುವುದಿಲ್ಲ. ‘ಅದು ನಮಗೂ ಅರ್ಥ ಆಗಲ್ಲ ಬಿಡಿ’ ಎಂದು ಕೀಲಿಯಕ್ಕ ಅವರನ್ನು ಸಮಾಧಾನ ಮಾಡುತ್ತಾರಂತೆ.

ಅವರ ಕೆಲಸ ಹೇಳಲು ಸುಲಭ. ಬೆಳಿಗ್ಗೆ ಬೀದಿಯ ಮೇಲಿನ ತುದಿಯಿಂದ ಕೆಳಗಿನ ಗೇಟಿನವರೆಗೆ ನಡೆಯುವುದು. ಪ್ರತಿ ಮನೆಯ ಅಡುಗೆಮನೆ ಕಿಟಕಿ ನೋಡುವುದು. ಪರದೆ ಸರಿದಿದ್ದರೆ ಒಳಗಿನವರು ಎದ್ದಿದ್ದಾರೆ, ಚೆನ್ನಾಗಿದ್ದಾರೆ. ಸರಿದಿಲ್ಲವೆಂದರೆ ಬಾಗಿಲು ತಟ್ಟುವುದು. ತಟ್ಟಿದರೂ ಓಗೊಡದಿದ್ದರೆ ಕೀಲಿ.

‘ಬಾಗಿಲು ತಟ್ಟಿ ದಿನಾ ಬದುಕಿದ್ದೀರಾ ಅಂತ ಕೇಳಕ್ಕಾಗತ್ತಾ? ಯಾರಿಗೆ ತಾನೆ ಸಿಟ್ಟು ಬರಲ್ಲ! ಪರದೆ ಆದ್ರೆ ಇಬ್ಬರಿಗೂ ಮರ್ಯಾದೆ’ ಎನ್ನುತ್ತಾರೆ.

ಈ ಪದ್ಧತಿ ಹುಟ್ಟಿದ್ದು ಒಂದು ಸಾವಿನಿಂದ. ಕೀಲಿಯಕ್ಕ ಆಗ ಈ ಬೀದಿಯ ಒಂದು ಮನೆಯಲ್ಲಿ ನೆಲ ಒರೆಸುವ ಕೆಲಸಕ್ಕಿದ್ದರು. ಅವರ ರಜೆಯ ದಿನಗಳಲ್ಲಿ ಆ ಮನೆಯ ಒಡತಿ ಒಲೆಯ ಮುಂದೆ ಕುಸಿದುಬಿದ್ದರು, ವಾಸನೆ ಬರುವ ತನಕ ಯಾರಿಗೂ ತಿಳಿಯಲಿಲ್ಲ. ಮಣ್ಣು ಮಾಡಿ ಬಂದ ಸಂಜೆ, ಅದೇ ಬೀದಿಯ ಸಂಗೀತದ ಟೀಚರ್ ಇವರ ಕೈ ಹಿಡಿದು ಹೇಳಿದರು: ‘ನಾನು ಎದ್ದ ಕೂಡಲೇ ಅಡುಗೆಮನೆ ಪರದೆ ಎಳೀತೀನಿ. ನೀನು ಹೋಗ್ತಾ ಒಂದು ಸಲ ನೋಡು.’ ಮರುದಿನ ಪಕ್ಕದ ಮನೆಯವರೂ ಹಾಗೇ ಹೇಳಿದರು. ವರ್ಷ ಕಳೆಯುವುದರೊಳಗೆ ಇಡೀ ಬೀದಿ.

ನೋಡುವ ಕೆಲಸದ ಜೊತೆಗೆ ಕಾಯುವ ಕೆಲಸವೂ ಅಂಟಿಕೊಂಡಿತು. ‘ಬಂದ ಹೊಸದರಲ್ಲಿ ಇವರು ಎಲ್ಲರನ್ನೂ ನಂಬ್ತಾರೆ. ಹೂಕುಂಡದ ಕೆಳಗೆ ಕೀಲಿ ಇಡೋದು, ಬ್ಯಾಂಕಿನ ಕಾಗದ ಮೇಜಿನ ಮೇಲೆ ಬಿಡೋದು. ಒಂದು ಸಲ ಪೆಟ್ಟು ಬಿತ್ತೋ, ಗಾಳಿ ಬೀಸಿದ್ರೂ ಕಳ್ಳ. ಊರು ಒಳ್ಳೇದು ಅಂತ ಬಾಗಿಲು ತೆಗೆದಿಡಬಾರದು, ಊರು ಕೆಟ್ಟದ್ದು ಅಂತ ಕಿಟಕಿ ಮುಚ್ಚಬಾರದು. ಇಷ್ಟು ಹೇಳಿ ಹೇಳಿ ನನ್ನ ನಾಲಿಗೆ ಸವೀತು.’

ಸಂಗೀತದ ಟೀಚರ್ ಎರಡು ಪೆಟ್ಟು ತಿಂದವರು. ಮೊದಲು ಬೈಕಿನಲ್ಲಿ ಬಂದವರು ಹೆಗಲಿನ ಚೀಲ ಕಿತ್ತರು, ತೋಳು ಉಳುಕಿತು. ಆಮೇಲೆ ಒಂದು ಬೆಳಿಗ್ಗೆ ಅವರ ಪರದೆ ಅರ್ಧಕ್ಕೆ ನಿಂತಿತ್ತು. ಕೀಲಿಯಕ್ಕ ಬಾಗಿಲು ತಟ್ಟಿದಾಗ ಟೀಚರ್ ಫೋನು ಕಿವಿಗೊತ್ತಿಕೊಂಡೇ ತೆರೆದರು, ಮುಖ ಬಿಳಿಚಿಕೊಂಡಿತ್ತು. ವೀಸಾ ಕಚೇರಿಯವನೆಂದು ಹೇಳಿಕೊಂಡ ಯಾರೋ, ಲೈನ್ ಕಟ್ ಮಾಡಿದರೆ ಗಡೀಪಾರು ಎಂದು ಹೆದರಿಸಿ ಹಣ ಕೇಳುತ್ತಿದ್ದ. ಇವರು ಫೋನು ತೆಗೆದುಕೊಂಡು, ‘ಯಾರಪ್ಪಾ ನೀನು? ನಿಮ್ಮ ಆಫೀಸಿನ ಮೆಟ್ಟಿಲ ಹತ್ರಾನೇ ನಿಂತಿದೀನಿ, ಹೊರಗೆ ಬಾ ನೋಡೋಣ’ ಎಂದರು. ಲೈನ್ ಕಟ್ ಮಾಡಿದ್ದು ಅವನೇ.

‘ಇದನ್ನ ಪತ್ರಿಕೆಗೆ ಬರೀಬಹುದಾ?’ ಎಂದು ಟೀಚರನ್ನು ಕೇಳಿದೆ.

‘ಬರಿ. ನಾಚಿಕೆ ಎಲ್ಲ ಆಗಲೇ ಮುಗೀತು. ಹೆದರಿಕೆ ಮಾತ್ರ ಮುಗೀಲಿಲ್ಲ’ ಎಂದರು.

ಕೀಲಿಯಕ್ಕ ನಡೆಯುವಾಗ ಈಗ ಹಿಂದೆ ಮುಂದೆ ನೋಡುತ್ತಾರೆ. ಕೈ ಪದೇ ಪದೇ ಸೊಂಟದ ಚೀಲಕ್ಕೆ ಹೋಗುತ್ತದೆ. ವಿದ್ಯುತ್ ಕಂಬಗಳ ಮೇಲೆ ಹೊಸ ಕ್ಯಾಮೆರಾಗಳು ಬಂದಿವೆ, ಅವುಗಳ ಕೆಳಗೆ ಹಾಯುವಾಗ ಅವರಿಗೇ ಗೊತ್ತಿಲ್ಲದೆ ನಡಿಗೆ ಚುರುಕಾಗುತ್ತದೆ. ಹೋದ ಚಳಿಗಾಲದಲ್ಲಿ ನಡೆದ ಕಳವು ಇದಕ್ಕೆಲ್ಲ ಕಾರಣ.

ಟೀಚರ್ ಪಕ್ಕದ ಮನೆಯ ದಂಪತಿ ತಮ್ಮ ದೇಶಕ್ಕೆ ಹೋಗಿದ್ದರು. ಯಾರಾದರೂ ಊರಿಗೆ ಹೋದರೆ ಆ ಮನೆಯ ಪರದೆಯನ್ನು ಬೆಳಿಗ್ಗೆ ಸರಿಸಿ ಸಂಜೆ ಮುಚ್ಚುವುದು ಕೀಲಿಯಕ್ಕನ ಕೆಲಸ. ಆ ಸಲ ಕೀಲಿಯಕ್ಕನಿಗೇ ಜ್ವರ ಬಂದು ಏಳಲಾಗಲಿಲ್ಲ, ಪರದೆ ಮುಚ್ಚಿಯೇ ಇತ್ತು. ಸ್ನಾನದ ಕೋಣೆಯ ಕಿಟಕಿಯ ಸರಳು ಮುರಿದು ಯಾರೋ ಒಳಹೊಕ್ಕು ಒಡವೆ, ಕಂಪ್ಯೂಟರು, ಗಡಿಯಾರ ಹೊತ್ತೊಯ್ದರು. ಪೊಲೀಸರು ಕೀಲಿಯಕ್ಕನನ್ನು ಠಾಣೆಗೆ ಕರೆಸಿ ಕೀಲಿಗಳನ್ನೆಲ್ಲ ಮೇಜಿನ ಮೇಲೆ ಸುರಿಸಿದರು. ಸರಳು ಮುರಿದ ಕಳ್ಳನಿಗೆ ಕೀಲಿ ಯಾಕೆ ಬೇಕಿತ್ತು ಎಂದು ಯಾರೂ ಕೇಳಲಿಲ್ಲ.

‘ಬಿಟ್ಟು ಕಳಿಸಿದ್ರು. ಆದ್ರೆ ಬೀದೀಲಿ ಎರಡು ಮೂರು ಮನೆಯೋರು ನನ್ನ ಕಂಡ್ರೆ ಮೊದಲಿನ ಹಾಗೆ ನಗಲ್ಲ’ ಎನ್ನುತ್ತಾರೆ.

ಅತ್ತೆಯ ಬಾಯಿಗೆ ತಡೆಯಿಲ್ಲ. ‘ಹತ್ತೊಂಬತ್ತು ಮನೆ ಕಾಯೋ ಮಹಾರಾಣಿ, ನಮ್ಮನೆ ಬಾಗಿಲ ಚಿಲಕ ಹೋಗಿ ಮಳೆಗಾಲ ಕಳೀತು. ದೀಪದ ಬುಡದಲ್ಲಿ ಕತ್ತಲೆ!’

‘ಕದಿಯೋಕೆ ಏನಿದೆ ಅತ್ತೆ ಇಲ್ಲಿ? ನಿಮ್ಮನ್ನ ಹೊತ್ಕೊಂಡು ಹೋದ್ರೆ ಮಾರನೇ ದಿನ ಅವರೇ ತಂದು ಬಿಡ್ತಾರೆ.’

‘ಬಿಡ್ತಾರೆ ಬಿಡ್ತಾರೆ. ನಿನ್ನ ಸಾರು ತಿನ್ನು ಅಂತ ಶಿಕ್ಷೆ ಕೊಟ್ಟು ಬಿಡ್ತಾರೆ.’

ಕಳವಿನ ನಂತರ ಬೀದಿಯ ಸಂಘದ ಕಾರ್ಯದರ್ಶಿ ಹೊಸ ಏರ್ಪಾಡು ತಂದರು. ತಮ್ಮ ದೇಶದ ರೈಲ್ವೆಯಲ್ಲಿ ದುಡಿದವರು, ಹೇಳಿದ ಕೆಲಸ ಹೇಳಿದ ಹೊತ್ತಿಗೆ ಆಗಬೇಕು. ಎಲ್ಲರ ಪರದೆಗಳಿಗೂ ಸಣ್ಣ ಮೋಟಾರು ಕೂಡಿಸಿದರು. ಮನೆಯಲ್ಲಿ ಜನ ಇರಲಿ ಬಿಡಲಿ, ಬೆಳಿಗ್ಗೆ ತಾನೇ ಸರಿಯುತ್ತದೆ, ಸಂಜೆ ತಾನೇ ಮುಚ್ಚುತ್ತದೆ.

‘ಮುಚ್ಚಿದ ಪರದೆ ಕಂಡು ಕೀಲಿಯಕ್ಕ ಬಾಗಿಲು ತಟ್ಟಬಹುದು. ಅದನ್ನೇ ಕಂಡು ಕಳ್ಳ ಸರಳು ಮುರೀಬಹುದು. ಆಗಿದ್ದೂ ಅದೇ ಅಲ್ವಾ?’ ಎನ್ನುತ್ತಾರೆ ಕಾರ್ಯದರ್ಶಿ. ಅವರ ದನಿಯಲ್ಲಿ ದ್ವೇಷವಿಲ್ಲ.

ಕೀಲಿಯಕ್ಕನೂ ಇದನ್ನು ಅಲ್ಲಗಳೆಯುವುದಿಲ್ಲ. ‘ಅವರು ಹೇಳೋದು ಸುಳ್ಳಲ್ಲ. ಅದಕ್ಕೇ ನಂಗೆ ನಿದ್ದೆ ಬರಲ್ಲ. ಸುಳ್ಳಾಗಿದ್ರೆ ಜಗಳ ಆಡ್ಬಹುದಿತ್ತು.’

ಬೀದಿಯ ನಡುಭಾಗದಲ್ಲಿ, ಟೀಚರ್ ಮನೆಯ ಎದುರಿಗೆ, ಹಡಗಜ್ಜನ ಮನೆ. ಹಡಗುಗಳಲ್ಲಿ ಅಡುಗೆ ಮಾಡಿ ಮುದುಕರಾದವರು, ಒಂಟಿ. ಪರದೆ ಎಳೆದು, ಕಾಫಿಯ ಲೋಟವನ್ನು ಕಿಟಕಿಗೆ ಎತ್ತಿ ತೋರಿಸುವುದು ಅವರ ರೂಢಿ. ಹಿಂದಿನ ತಿಂಗಳು ಒಂದು ಬೆಳಿಗ್ಗೆ ಪರದೆ ಸರಿದಿತ್ತು, ಲೋಟ ಕಾಣಲಿಲ್ಲ. ಒಲೆಯ ಹತ್ತಿರ ಇದ್ದಾರೇನೋ ಎಂದುಕೊಂಡು ಕೀಲಿಯಕ್ಕ ಮುಂದೆ ನಡೆದರು. ಸಂಜೆ ಪರದೆ ಮುಚ್ಚಿತು. ಮರುದಿನ ಅವರು ಸ್ವಲ್ಪ ಬೇಗ ಬಂದರು. ಅಜ್ಜನ ಕಿಟಕಿಯ ಮುಂದೆ ನಿಂತಿದ್ದಾಗಲೇ ಪರದೆ ಸರಿಯಿತು, ಬೆನ್ನ ಹಿಂದೆ ಟೀಚರ್ ಮನೆಯದೂ ಅದೇ ಗಳಿಗೆಗೆ ಸರಿಯಿತು. ಎರಡೂ ಒಂದೇ ವೇಗ. ಕಿಟಕಿಯಲ್ಲಿ ಯಾರ ಕೈಯೂ ಇಲ್ಲ.

‘ಮೈ ಜುಂ ಅಂತು. ಮೋಟಾರು ಹಾಕಿದಾರೆ ಅಂತ ಗೊತ್ತಿತ್ತು ನಂಗೆ. ಗೊತ್ತಿದ್ದೂ ಹಿಂದಿನ ದಿನ ಪರದೆ ನೋಡಿ ಹೋಗಿಬಿಟ್ಟಿದ್ದೆ. ಅಷ್ಟು ವರ್ಷದ ಅಭ್ಯಾಸ, ಕಣ್ಣು ಕೇಳಲ್ಲ.’

ಕೀಲಿಯಿಂದ ಬಾಗಿಲು ತೆರೆದು ಒಳಗೆ ಓಡಿದರು. ಅಜ್ಜ ಸ್ನಾನದ ಕೋಣೆಯ ನೆಲದಲ್ಲಿದ್ದರು. ಸೊಂಟ ಮುರಿದಿತ್ತು, ಜೀವವಿತ್ತು. ಇನ್ನೊಂದು ಹಗಲು ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು.

ಆಸ್ಪತ್ರೆಯ ಹಾಸಿಗೆಯಲ್ಲಿ ಅಜ್ಜನನ್ನು ಕಂಡೆವು. ಕೀಲಿಯಕ್ಕ ಅವರ ದಿಂಬು ಸರಿ ಮಾಡುತ್ತಿದ್ದರೆ ಅಜ್ಜ ನನ್ನತ್ತ ತಿರುಗಿ ದೂರು ಹೇಳಿದರು: ‘ಬಂದವಳೇ ಏನಂದ್ಲು ಗೊತ್ತಾ? ಅಜ್ಜಾ, ಒಲೆ ಆರ್ಸಿದೀರಾ ಅಂತ!’

‘ಮತ್ತೆ? ಬೀದಿಗೆ ಬೀದಿ ಸುಡೋದು ಬೇಡ ಅಂತ ಕೇಳ್ದೆ. ನೀವೇನಂದ್ರಿ, ಅದನ್ನೂ ಹೇಳಿ.’

ಅಜ್ಜ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ‘ನಿನ್ನೆ ನಿನ್ನ ಹೆಜ್ಜೆ ಸದ್ದು ಕೇಳಿಸ್ತು ಅಂದೆ. ಕೂಗಕ್ಕೆ ದನಿ ಬರಲಿಲ್ಲ ಅಂದೆ.’

ಕೀಲಿಯಕ್ಕ ದಿಂಬು ಬಿಟ್ಟು ನೀರಿನ ಬಾಟಲಿ ತೊಳೆಯಲು ಹೋದರು. ಬಾಟಲಿ ಆಗಲೇ ತೊಳೆದಿತ್ತು.

ಇಷ್ಟಾದರೂ ಸಂಘ ತನ್ನ ಏರ್ಪಾಡು ಬದಲಿಸಿಲ್ಲ. ಗೇಟಿನಲ್ಲಿ ಹೊಸ ಕಾವಲು ಕಂಪನಿ ಬರುತ್ತಿದೆ. ಮನೆಗಳ ಕೀಲಿ ಹೊರಗಿನ ಯಾರ ಬಳಿಯೂ ಇರಬಾರದು ಎಂಬುದು ಅವರ ಷರತ್ತು. ಕೀಲಿಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಅವರೇ ನೋಡಿಕೊಳ್ಳುತ್ತಾರೆ. ಭಾನುವಾರ ಮಧ್ಯಾಹ್ನ ಸಂಘದ ಕೋಣೆಯಲ್ಲಿ ಸಭೆ. ಪ್ಲಾಸ್ಟಿಕ್ ಕುರ್ಚಿಗಳು ತುಂಬಿವೆ. ಕೀಲಿಯಕ್ಕನಿಗೂ ಒಂದು ಕುರ್ಚಿ ಇದೆ, ಅವರು ಕೂತಿಲ್ಲ.

ಕಾರ್ಯದರ್ಶಿ ಮೆಲ್ಲಗೆ ವಿವರಿಸುತ್ತಾರೆ. ಎಲ್ಲರ ಕತ್ತಿಗೂ ಸಹಾಯಕ್ಕೆ ಕರೆಯುವ ಒಂದೊಂದು ಗುಂಡಿ ಬರುತ್ತದೆ, ಬಿದ್ದರೆ ಒತ್ತಿದರಾಯಿತು, ಗೇಟಿನವರಿಗೆ ತಿಳಿಯುತ್ತದೆ. ‘ನಿನ್ನನ್ನ ಯಾರೂ ಕೆಲಸದಿಂದ ತೆಗೀತಿಲ್ಲ. ಗಿಡಗಳಿಗೆ ನೀರು ಹಾಕ್ಕೊಂಡು ಇರಬಹುದು.’

‘ಸಾರ್, ಅಜ್ಜನ ಕತ್ತಿಗೂ ಗುಂಡಿ ಇತ್ತು. ಅವರ ಮಗಳು ಕಳಿಸಿದ್ದು. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಇಟ್ಟಿದ್ರು.’

‘ಇನ್ನು ಮೇಲೆ ಬಿಚ್ಚಬಾರದು ಅಂತ ಹೇಳೋಣ.’

ಹಿಂದಿನ ಸಾಲಿನಿಂದ ಯಾರೋ, ‘ನೀನೂ ಮನುಷ್ಯಳೇ ತಾಯಿ. ಜ್ವರ ಬಂದ್ರೆ ಮಲಗ್ತೀಯ. ಮೋಟಾರಿಗೆ ಜ್ವರ ಬರಲ್ಲ’ ಎನ್ನುತ್ತಾರೆ. ಕೆಲವರು ನಗುತ್ತಾರೆ. ಕೀಲಿಯಕ್ಕನೂ ನಗಲು ನೋಡುತ್ತಾರೆ, ಆಗುವುದಿಲ್ಲ.

ಅವರು ಸೊಂಟದ ಚೀಲ ಬಿಚ್ಚಿ ಮೇಜಿನ ಮೇಲಿಡುತ್ತಾರೆ. ಬರಿದಾದ ಕೈಗಳನ್ನು ಏನು ಮಾಡುವುದೆಂದು ತೋಚದೆ ಒಂದರೊಳಗೊಂದು ಹೊಸೆಯುತ್ತಾರೆ.

‘ಕೀಲಿ ನಿಮ್ಮದು, ತಗೊಳ್ಳಿ. ಮುಂದಿನ ಕಿಟಕಿಗಳಿಗೆಲ್ಲ ಮೋಟಾರು ಇರಲಿ, ಕಳ್ಳ ನೋಡ್ಕೊಳ್ಳಲಿ. ಹಿತ್ತಲ ಕಡೆ ಸಣ್ಣ ಕಿಟಕಿ ಇದೆಯಲ್ಲ, ಅದು ಬೀದಿಗೆ ಕಾಣಲ್ಲ. ಅದರ ಮೋಟಾರು ತೆಗೆಸಿ, ಎದ್ದ ಕೂಡಲೇ ಪರದೆ ನೀವೇ ಎಳೀರಿ. ನಾನು ಹಿಂದಿನ ಓಣಿಯಿಂದ ಬಂದು ಅದನ್ನ ನೋಡ್ತೀನಿ. ಸುತ್ತು ದಾರಿ ಆದ್ರೂ ಪರವಾಗಿಲ್ಲ.’

ಕಾರ್ಯದರ್ಶಿ ಸಭೆಯತ್ತ ನೋಡುತ್ತಾರೆ. ಮುಂದಿನ ಸಾಲಿನಲ್ಲಿ ಸಂಗೀತದ ಟೀಚರ್ ಕೂತಿದ್ದಾರೆ. ಪಕ್ಕದ ಮನೆಯ ಸರಳು ಮುರಿದ ದಿನದಿಂದ ಕಣ್ಣು ಮುಚ್ಚಿರಲಿಲ್ಲವೆಂದೂ, ಎಲ್ಲ ಕಿಟಕಿಗೂ ಮೋಟಾರು ಕೂಡಿಸಿದ ಮೇಲೆಯೇ ನಿದ್ದೆ ಬಂದದ್ದೆಂದೂ ಅವರು ಹಿಂದಿನ ದಿನ ನನಗೆ ಹೇಳಿದ್ದರು. ಉಳುಕಿದ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಅವರು ನೆಲ ನೋಡುತ್ತಿದ್ದಾರೆ.

ಕೀಲಿಯಕ್ಕ ಅವರ ಕುರ್ಚಿಯ ಹತ್ತಿರ ಹೋಗಿ ಬಗ್ಗುತ್ತಾರೆ. ಸಣ್ಣ ದನಿ, ಆದರೂ ಕೋಣೆಗೆಲ್ಲ ಕೇಳುತ್ತದೆ.

‘ಟೀಚರ್, ನೀವಾದ್ರೂ ಹಿತ್ತಲ ಆ ಒಂದು ಪರದೆ ಕೈಯಿಂದ ಎಳೀತೀರಾ?’