ಏಲೂರಿನ ಹಳೇ ಶಾಲೆಯ ಬೀಗದಕೈ

ಬೀಗದಕೈ ಕಳೆದದ್ದು ನಿಮ್ಮಿಂದಲ್ಲ, ಲಿಸಿ ಚೇಚಿ — ಅದು ನನ್ನ ಬ್ಯಾಗಿನಲ್ಲಿತ್ತು. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಏಲೂರಿನ ಆ ಶಾಲೆ ಮಕ್ಕಳಿಲ್ಲದೆ ಮುಚ್ಚಿದ ಮೇಲೂ ನೀವು ಅದನ್ನು ಪಾಳು ಬೀಳಲು ಬಿಡಲಿಲ್ಲ. ಮಧ್ಯಾಹ್ನ ಹೊಲಿಗೆ ಕಲಿಯುವ ಹೆಂಗಸರು, ಸಂಜೆ ಫ್ಯಾಕ್ಟರಿ ಶಿಫ್ಟಿಗೆ ಹೋದವರ ಮಕ್ಕಳು, ಮನೆಯಲ್ಲಿ ಜಾಗ ಸಾಲದವರ ನಾಮಕರಣ — ಎಲ್ಲಕ್ಕೂ ಅದೇ. ಇದ್ದ ಒಂದೇ ಬೀಗದಕೈ ವಾರಕ್ಕೊಂದು ಮನೆಯಲ್ಲಿರಬೇಕು, ಆ ಮನೆಯವರೇ ಬಾಗಿಲು ತೆಗೆದು ಗುಡಿಸಬೇಕು. ಆ ಪದ್ಧತಿಯೂ ನಿಮ್ಮದೇ. ಬಾಡಿಗೆಗೆ ಬಂದ ಕಾಸರಗೋಡಿನ ಕನ್ನಡದವಳಾದ ನನಗೆ ಯಾಕೆ ಸರದಿ ಎಂದು ಉಳಿದವರು ಗೊಣಗಿದಾಗ ನೀವು ಅಂದಿರಿ, "ಅವಳೂ ಇಲ್ಲಿಯವಳೇ ಅಲ್ಲವಾ? ಒಂದು ವಾರ ಅವಳಿಗೂ ಇರಲಿ." ಆ ದಿನ ನಾನು ಹಿಗ್ಗಿದ್ದಕ್ಕೆ ಮಿತಿಯಿರಲಿಲ್ಲ; ಅಂದಿನಿಂದ ನೀವು ನನಗೆ ನಿಜಕ್ಕೂ ಚೇಚಿ, ಸ್ವಂತ ಅಕ್ಕ.

ನನ್ನ ವಾರದ ಶನಿವಾರವೇ ಶಾಲೆ ನೋಡಲು ಅಧಿಕಾರಿಗಳು ಬರುವವರಿದ್ದರು. ಶಾಲೆ ಬಳಕೆಯಲ್ಲಿದ್ದರೆ ಕಟ್ಟಡ ನಮಗೇ ಉಳಿಯುತ್ತಿತ್ತು, ಇಲ್ಲವಾದರೆ ಗೋದಾಮಿಗೆ ಹೋಗುತ್ತಿತ್ತು. ಶುಕ್ರವಾರ ಐಟಿ ಪಾರ್ಕಿನಿಂದ ಆಲುವ ಸ್ಟೇಷನ್ನಿಗೆ ಓಡಿ ಊರಿನ ರೈಲು ಹತ್ತಿದೆ — ಮರುದಿನದ ವಿಷಯ ತಲೆಯಲ್ಲೇ ಇರಲಿಲ್ಲ. ಬೆಳಿಗ್ಗೆ ಅಮ್ಮನ ಮನೆಯಲ್ಲಿ ಬ್ಯಾಗು ತೆರೆದರೆ ಬೀಗದಕೈ. ನಿಮ್ಮ ಫೋನು ಬಂದೇ ಬಂತು. ನಾನು ಎತ್ತಲಿಲ್ಲ.

ನೀವು ಕೈಕಟ್ಟಿ ಕೂರಲಿಲ್ಲವಂತೆ. ಮನೆಮನೆಯಿಂದ ಹೊಲಿಗೆ ಯಂತ್ರ ತರಿಸಿ ಜಗಲಿಯಲ್ಲಿ ಇಡಿಸಿದಿರಿ, ಮಾವಿನ ಮರದಡಿ ಮಕ್ಕಳನ್ನು ಕೂರಿಸಿದಿರಿ, ಅಂಗಳದಲ್ಲೇ ಒಲೆ ಹೂಡಿ ಗಂಜಿ ಬೇಯಿಸಿ ಅಧಿಕಾರಿಗಳಿಗೂ ಬಡಿಸಿದಿರಿ. ಒಳಗೆ ಕಾಲಿಡದೆಯೇ ಅವರಿಗೆ ಶಾಲೆ ಯಾರದೆಂದು ತಿಳಿಯಿತು. ನಿಮ್ಮಂಥ ಗಟ್ಟಿಗಿತ್ತಿಯನ್ನು ನಾನು ಬೇರೆ ಕಂಡಿಲ್ಲ.

ಶಾಲೆ ಉಳಿಯಿತು. ನಾನು ಮರಳಿದ ಮೇಲೆ ಎಲ್ಲರೂ ಸೇರಿ ಬೀಗದಕೈ ಎಲ್ಲಿ ಎಂದು ಕೇಳಿದರು. ಕೊಟ್ಟ ಸರದಿ ಕಿತ್ತುಕೊಂಡಾರೆಂದು ಹೆದರಿ ನಾನು — ಬರೆಯಲೂ ನಾಚಿಕೆಯಾಗುತ್ತದೆ — "ಶುಕ್ರವಾರವೇ ಚೇಚಿಗೆ ಕೊಟ್ಟಿದ್ದೆ" ಅಂದೆ.

ನೀವು ನನ್ನ ಮುಖ ನೋಡಿ, ಎಂದಿನಂತೆ ಮಗಳೆಂದೇ ಕರೆದು ಅಂದಿರಿ, "ಮೋಳು ಕೊಟ್ಟದ್ದು ಹೌದು. ನಾನೇ ಎಲ್ಲೋ ಬೀಳಿಸಿದೆ."

ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಉಪ್ಪು ತಿಂದವಳು ನಾನು, ನೀರು ಕುಡಿದವರು ನೀವು. ಹೊಸ ಬೀಗ ಬಂತು. ಸರದಿಯಿಂದ ನಿಮ್ಮ ಮನೆಯನ್ನು ಬಿಟ್ಟರು. ಆದರೂ ನೀವು ದಿನಾ ಎಲ್ಲರಿಗಿಂತ ಮೊದಲು ಬಂದು, ಪೊರಕೆ ಪಕ್ಕಕ್ಕಿಟ್ಟುಕೊಂಡು, ಬಾಗಿಲು ತೆಗೆಯುವವರಿಗಾಗಿ ಮೆಟ್ಟಿಲ ಮೇಲೆ ಕಾಯುತ್ತೀರಿ. ನನ್ನ ವಾರ ನಾನು ಬಂದರೆ ಎದ್ದು ದಾರಿ ಬಿಡುತ್ತೀರಿ — ಅದೊಂದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ನಿಮಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದಲ್ಲೇ ಇದನ್ನು ಕನ್ನಡದಲ್ಲಿ ಬರೆದೆ — ಇದೂ ಹೇಡಿತನವೇ. ನಾಳೆಯಿಂದ ಮತ್ತೆ ನನ್ನ ವಾರ. ಬಂದವಳು ಬಾಗಿಲು ತೆಗೆಯದೆ ನಿಮ್ಮ ಪಕ್ಕ ಮೆಟ್ಟಿಲ ಮೇಲೆ ಕೂರುತ್ತೇನೆ. ಎಲ್ಲರೂ ಸೇರಿ ಯಾಕೆ ತೆಗೆದಿಲ್ಲ ಎಂದು ಕೇಳಿದಾಗ ಹಳೇ ಬೀಗದಕೈಯನ್ನು ಅವರ ಮುಂದಿಟ್ಟು ನಿಜವನ್ನು ಮಲಯಾಳದಲ್ಲೇ ಹೇಳುತ್ತೇನೆ. ಹೊಸದನ್ನು ನಿಮಗೆ ಕೊಡುತ್ತೇನೆ. ಬಾಗಿಲು ನೀವು ತೆಗೆಯಿರಿ, ಚೇಚಿ.